ಅಮ್ಮನ ವೇಗ

ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದ ಅಂಗಡಿಯ ಕ್ಯಾಸೆಟ್ ಅಕ್ಕ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಇದನ್ನ ಇತ್ತೀಚೆಗೆ ಯಾರಾದ್ರೂ ಹಾಕಿ ನೋಡಿದ್ರಾ?"

"ಇಲ್ಲ," ಎಂದಳು ಎದುರಿಗೆ ನಿಂತಿದ್ದ ಹೆಂಗಸು. "ಅಪ್ಪನ ಪೆಟ್ಟಿಗೇಲಿತ್ತು. ಇವತ್ತು ಬೆಳಿಗ್ಗೆ ತಾನೇ ಕೊಟ್ರು."

"ಪುಣ್ಯ ಮಾಡಿದ್ರಿ. ಹಾಕಿದ್ದಿದ್ರೆ ಇಷ್ಟೊತ್ತಿಗೆ ಚೂರು ಚೂರು. ಇಲ್ಲಿ ನೋಡಿ."

ಅಂಚಿನಿಂದ ಒಳಮುಖವಾಗಿ ಕೂದಲೆಳೆಯಷ್ಟು ಸಣ್ಣ ಬಿರುಕು ಹರಿದಿತ್ತು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತಿತ್ತು. ಹೆಂಗಸು ಕೌಂಟರಿನ ಮೇಲೆ ಬಾಗಿ ನೋಡಿದಳು. ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ ಅವಳ ತಂದೆ ಮಾತ್ರ ಇತ್ತ ತಿರುಗಲಿಲ್ಲ. ಬೀದಿಯಲ್ಲಿ ಯಾರೋ ಹಟ ಹಿಡಿದ ಸ್ಕೂಟರಿಗೆ ಕಿಕ್ ಹೊಡೆಯುವುದನ್ನೇ ನೋಡುತ್ತಿದ್ದರು.

ಕೆಲಸದ ಕಡೆ ಎಲ್ಲರೂ ಡಿಸ್ಕು ತಂದ ಈ ಹೆಂಗಸನ್ನು ನಿಧಾನಕ್ಕ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹೇಳುವುದು ಅವಳ ಕೆಲಸ. ತುಸು ದಪ್ಪ ಧ್ವನಿ, ಒಂದೊಂದು ಮಾತನ್ನೂ ತೂಗಿ ಇಟ್ಟಂತೆ. "ನಿಧಾನಕ್ಕ ಹೇಳಿ ಮುಗಿಸೋ ಹೊತ್ತಿಗೆ ಬಸ್ಸು ಹೋಗಿ ವಾಪಸ್ ಬಂದಿರುತ್ತೆ" ಎಂದು ಡ್ರೈವರುಗಳು ಕಾಲೆಳೆಯುತ್ತಿದ್ದರು. ಅವಳಿಗೆ ಬೇಸರವಿರಲಿಲ್ಲ. "ನಮ್ಮಮ್ಮನೂ ಹೀಗೇ ಮಾತಾಡ್ತಿದ್ಲು" ಎನ್ನುವಾಗ ಮುಖದಲ್ಲೊಂದು ಬಗೆಯ ಹೆಮ್ಮೆ ಬರುತ್ತಿತ್ತು.

ಅಮ್ಮ ತೀರಿಕೊಂಡಾಗ ಅವಳು ಇನ್ನೂ ತೊದಲುಮಾತಿನ ಮಗು. ಅಪ್ಪ ಹೊರದೇಶದಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದ ಕಾಲ ಅದು. ಅಲ್ಲಿ ಮನೆ ಬದಲಾಯಿಸಿದ ದಿನ ಪಕ್ಕದ ಮನೆಯವರು ತಮ್ಮ ಹೊಸ ಕ್ಯಾಮೆರಾದಲ್ಲಿ ಎಲ್ಲವನ್ನೂ ಹಿಡಿದು ಒಂದು ಡಿಸ್ಕು ಮಾಡಿಕೊಟ್ಟಿದ್ದರು. ಮುಂದೆ ಕೆಲವೇ ತಿಂಗಳಲ್ಲಿ ಅಮ್ಮ ಜ್ವರ ಬಂದು ಹೋದಳು. ಅಪ್ಪ ಮಗಳನ್ನು ಎತ್ತಿಕೊಂಡು ವಾಪಸು ಬಂದರು. ಡಿಸ್ಕನ್ನು ಇಲ್ಲಿಯ ಟಿವಿಗೆ ಹಾಕಿದರೆ ಚಿತ್ರ ಬಣ್ಣ ಕಳೆದುಕೊಂಡು ಮೇಲಿಂದ ಕೆಳಕ್ಕೆ ಉರುಳುತ್ತಿತ್ತು. ಆ ದೇಶದ ಟಿವಿ ಪದ್ಧತಿಯೇ ಬೇರೆ. ಚಿಕ್ಕಪ್ಪ ತನ್ನ ಕಂಪ್ಯೂಟರಿನಲ್ಲಿ ಏನೇನೋ ಹೆಣಗಾಡಿ ಇಲ್ಲಿಗೆ ಒಗ್ಗುವ ಒಂದು ನಕಲು ಮಾಡಿಕೊಟ್ಟ. ಅದನ್ನು ನೋಡುತ್ತಲೇ ಅವಳು ಬೆಳೆದಳು. ಪೆಟ್ಟಿಗೆಗಳ ನಡುವೆ ಅಮ್ಮ ತೇಲಿದಂತೆ ನಡೆದು ಬರುತ್ತಾಳೆ, ಮೆಲ್ಲಗೆ ಕೈ ಎತ್ತುತ್ತಾಳೆ, ಗಂಭೀರವಾಗಿ "ಅದನ್ನ ಅಲ್ಲಿಡಿ" ಎನ್ನುತ್ತಾಳೆ, ಥೇಟ್ ರಾಣಿಯ ಹಾಗೆ. ಆ ನಕಲನ್ನು ಹಾಕಿದಾಗೆಲ್ಲ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದರು. ಒಮ್ಮೆಯೂ ಕೂತು ನೋಡಿದವರಲ್ಲ.

ಈಗ ಆ ನಕಲು ಗೀರು ಬಿದ್ದು ಸತ್ತಿತ್ತು. ಮೂಲ ಡಿಸ್ಕು ಕೊಡಿ ಎಂದು ಅಪ್ಪನ ಬೆನ್ನು ಬಿದ್ದು, ಜಗಳವಾಡಿ, ಊಟ ಬಿಟ್ಟು, ಅಂತೂ ಪಡೆದಿದ್ದಳು. ಕೊಟ್ಟವರು "ನಾನೂ ಬರ್ತೀನಿ" ಎಂದು ಹಿಂದೆಯೇ ಹೊರಟಾಗ ಅವಳಿಗೆ ಆಶ್ಚರ್ಯವಾಗಿತ್ತು.

"ಕಂಪ್ಯೂಟರಿನ ಡ್ರೈವು ಡಿಸ್ಕನ್ನ ಒಳಗಿನಿಂದ ಹೊರಕ್ಕೆ ಓದಿಕೊಳ್ಳುತ್ತೆ," ಎಂದಳು ಕ್ಯಾಸೆಟ್ ಅಕ್ಕ. ಹಿಂದೆ ಅವಳದು ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ; ಈಗ ಹಳೇ ಟೇಪು, ಡಿಸ್ಕುಗಳಿಂದ ಹೊಸ ನಕಲು ತೆಗೆದುಕೊಡುವುದು. ಅಂಗಡಿ ಬದಲಾದರೂ ಅವಳ ಹೆಸರು ಹಾಗೇ ಉಳಿದಿತ್ತು. "ಬಿರುಕಿರೋದು ಅಂಚಲ್ಲಿ. ಒಳಗಿನ ಭಾಗ ಮೊದಲು ತೆಗೀತೀನಿ, ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ. ತಿರುಗೋವಾಗ ಬಿರುಕು ಬೆಳೆದ್ರೆ ಮಾತ್ರ ನನ್ನ ಕೈಲಿಲ್ಲ. ಹೇಳಿ, ಹಾಕ್ಲಾ?"

ನಿಧಾನಕ್ಕ ಹೂಂ ಎಂದು ಪಕ್ಕದ ಕುರ್ಚಿ ಎಳೆದು ಕೂತಳು.

ಡ್ರೈವಿನ ಬಾಯಿ ಡಿಸ್ಕನ್ನು ನುಂಗಿತು. ಗುಂಯ್ ಎಂಬ ಸದ್ದು. ನಡುನಡುವೆ ಒಂದು ಸಣ್ಣ ಟಿಕ್. ಕ್ಯಾಸೆಟ್ ಅಕ್ಕ ಒಂದು ಕೈಯನ್ನು ಡ್ರೈವಿನ ಗುಂಡಿಯ ಮೇಲೇ ಇಟ್ಟುಕೊಂಡು, ಜ್ವರದ ಮಗುವಿನ ಉಸಿರು ಕೇಳಿಸಿಕೊಳ್ಳುವವಳಂತೆ ತಲೆ ಬಾಗಿಸಿದ್ದಳು. ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಾ ಸಾಗಿತು. ಅರ್ಧಕ್ಕಿಂತ ತುಂಬ ಮುಂದೆ ಹೋದ ಮೇಲೆ ಅವಳು ಗುಂಡಿ ಒತ್ತಿ ನಿಲ್ಲಿಸಿದಳು.

"ಇಷ್ಟು ಸುರಕ್ಷಿತ. ಇದು ಯಾರಪ್ಪ ಬಂದ್ರೂ ಹೋಗಲ್ಲ. ಒಂದ್ಸಲ ನೋಡಿಬಿಡಿ, ಆಮೇಲೆ ಮುಂದಿನದು."

ಚಿತ್ರ ಮೂಡಿತು. ಅದೇ ಕೋಣೆ, ಅದೇ ಪೆಟ್ಟಿಗೆಗಳು. ಅಮ್ಮ ಬಂದಳು. ಬಂದಳು ಎನ್ನುವುದಕ್ಕಿಂತ ನುಗ್ಗಿದಳು. "ಅಯ್ಯೋ ಅದನ್ನಲ್ಲಿಡಿ ಅಲ್ಲಲ್ಲ ಗೋಡೆಗೆ ಒರಗಿಸ್ಬೇಡಿ ಬಣ್ಣ ಹೋಗುತ್ತೆ ರೀ ಕೇಳಿಸ್ತಾ!" ಸಪೂರವಾದ, ಚೂಪಾದ ಧ್ವನಿ, ಮಾತಿನ ಬಾಲವನ್ನು ಮುಂದಿನ ಮಾತು ತುಳಿಯುತ್ತಿತ್ತು.

ನಿಧಾನಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ಏನು ಮಾಡಿದ್ರಿ ನೀವು?"

"ಏನಾಯ್ತಮ್ಮಾ?"

"ಇದು ನಮ್ಮಮ್ಮನ ಧ್ವನಿ ಅಲ್ಲ! ಓಡಿಸ್ತಿದ್ದೀರ ನೀವು. ವೇಗ ಕಮ್ಮಿ ಮಾಡಿ!"

"ಓಡಿಸ್ತಿಲ್ಲ. ಡಿಸ್ಕಲ್ಲಿರೋದೇ ಹೀಗೆ."

"ಸುಳ್ಳು!" ಮೈಕಿನ ಮುಂದೆ ಎಂದೂ ಏರದ ಧ್ವನಿ ಅಂಗಡಿಯ ಗಾಜಿಗೆ ಬಡಿಯಿತು. "ಹುಟ್ಟಿದಾಗಿಂದ ಕೇಳಿದ್ದೀನಿ ನಾನು. ನಂಗೊತ್ತಿಲ್ವಾ ನಮ್ಮಮ್ಮ ಹೇಗೆ ಮಾತಾಡ್ತಿದ್ಲು ಅಂತ?"

ಕ್ಯಾಸೆಟ್ ಅಕ್ಕನಿಗೂ ಒಂದು ಕ್ಷಣ ಅನುಮಾನವಾಯಿತು. ಎಲ್ಲವನ್ನೂ ಮತ್ತೆ ನೋಡಿದಳು. ನಂತರ ಕೇಳಿದಳು: "ನಿಮ್ಮ ಹಳೇ ನಕಲು ಮಾಡಿದ್ಯಾರು?"

ವಿಷಯ ಬಿಡಿಸಿಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ದೇಶದ ಟಿವಿ ಒಂದು ಸೆಕೆಂಡಿಗೆ ಮೂವತ್ತು ಚಿತ್ರ ತೋರಿಸುತ್ತದೆ, ಇಲ್ಲಿಯದು ಇಪ್ಪತ್ತೈದು. ಬದಲಾಯಿಸುವಾಗ ಹೊತ್ತು ಹೆಚ್ಚುಕಮ್ಮಿಯಾಗದ ಹಾಗೆ ಚಿತ್ರಗಳನ್ನು ಹೊಂದಿಸಬೇಕು. ಚಿಕ್ಕಪ್ಪ ಅದನ್ನು ಮಾಡಿರಲಿಲ್ಲ. ಅಲ್ಲಿಯ ಒಂದೊಂದು ಚಿತ್ರವನ್ನೂ ಹಾಗೇ ಎತ್ತಿ ಇಲ್ಲಿ ಸಾಲಾಗಿ ಇಟ್ಟಿದ್ದ. ಎಲ್ಲವೂ ಎಳೆದುಕೊಂಡಿತ್ತು. ಓಟ ನಡಿಗೆಯಾಗಿತ್ತು, ಸಪೂರ ಧ್ವನಿ ದಪ್ಪವಾಗಿತ್ತು.

"ಅಪ್ಪಾ," ಎಂದಳು ನಿಧಾನಕ್ಕ. ತಿರುಗಲು ಭಯವಾಗುತ್ತಿತ್ತು. "ಅಪ್ಪಾ, ಇವರು ಹೇಳ್ತಿರೋದು..."

ಅಪ್ಪ ಸ್ಟೂಲಿನಿಂದ ಎದ್ದಿದ್ದರು. ಯಾವಾಗ ಎದ್ದರೋ ಯಾರೂ ನೋಡಿರಲಿಲ್ಲ. ಗೋಡೆಗೆ ಒಂದು ಕೈ ಆನಿಸಿ ಸ್ಪೀಕರನ್ನೇ ನೋಡುತ್ತಿದ್ದರು.

"ಅವಳೇ," ಎಂದರು. "ಹೀಗೇ. ಒಂದು ಮಾತಿಗೆ ಉತ್ತರ ಕೊಡೋಷ್ಟರಲ್ಲಿ ನಾಲ್ಕು ಮಾತು ಆಡಿಬಿಡ್ತಿದ್ಲು."

"ಮತ್ತೆ ನಾನು ಅಮ್ಮನ ಹಾಗೆ ಮಾತಾಡ್ತೀನಿ ಅಂತ ಇಷ್ಟು ವರ್ಷ ಹೇಳ್ಕೊಂಡು ತಿರುಗಿದ್ನಲ್ಲ, ನೀವು ಯಾಕೆ ಸುಮ್ಮನಿದ್ರಿ?"

"ನೀನು ಮಾತಿನ ಅಕ್ಕರೆ ಬಗ್ಗೆ ಹೇಳ್ತಿದ್ದೀಯ ಅನ್ಕೊಂಡಿದ್ದೆ ಪುಟ್ಟಿ. ಆ ನಕಲು ನಾನು ಕೇಳೇ ಇಲ್ವಲ್ಲ."

ನಿಧಾನಕ್ಕ ಮತ್ತೆ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಗಡಿಬಿಡಿಯ ಯಾವಳೋ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀರುವಿನ ಹಿಂದೆ ಓಡುತ್ತಿದ್ದಳು. ಅಮ್ಮ ಇನ್ನೊಮ್ಮೆ ಸತ್ತಳೇನೋ ಅನ್ನಿಸಿತು ಅವಳಿಗೆ; ಈ ಸಲ ತನ್ನ ಕಣ್ಣೆದುರೇ.

ಕ್ಯಾಸೆಟ್ ಅಕ್ಕ ಲೋಟದಲ್ಲಿ ನೀರು ತಂದಿಟ್ಟಳು. "ಇನ್ನೊಂದು ವಿಷಯ," ಎಂದಳು. "ಎಳೆದ ಮೇಲೆ ಅದು ಉದ್ದ ಆಗಿರುತ್ತಲ್ಲ, ಒಂದು ಡಿಸ್ಕಲ್ಲಿ ಹಿಡಿಸಿರಲ್ಲ. ನಿಮ್ಮ ನಕಲಲ್ಲಿ ಕೊನೆ ಭಾಗ ಇರಲೇ ಇಲ್ಲ ಅನ್ಸುತ್ತೆ. ಅದು ಇಲ್ಲಿದೆ. ಅಂಚಲ್ಲಿ."

"ಸಾಕು," ಎಂದರು ಅಪ್ಪ.

ಇಬ್ಬರೂ ಅವರತ್ತ ತಿರುಗಿದರು.

"ಸಿಕ್ಕಿದ್ದು ಸಾಕು. ಡಿಸ್ಕು ತೆಗೀರಮ್ಮ. ಸುಮ್ನೆ ಒಡೆದುಹೋಗುತ್ತೆ."

"ಏನಿದೆ ಅದರಲ್ಲಿ?" ಎಂದಳು ಮಗಳು.

"ಏನೂ ಇಲ್ಲ. ಪೆಟ್ಟಿಗೆ ಎತ್ತಿಡೋದು."

"ಅದಕ್ಕೇನಾ ಇಷ್ಟು ವರ್ಷ ಅಡಗಿಸಿಟ್ಟಿದ್ದು? ಅದಕ್ಕೇನಾ ಇವತ್ತು ಹಿಂದೇನೇ ಬಂದಿದ್ದು?"

ಅಪ್ಪ ನಡೆದು ಬಂದು ಡ್ರೈವಿನ ಮೇಲೆ ಕೈಯಿಟ್ಟರು. ಹಡಗಿನ ಬೋಲ್ಟು ಬಿಗಿದ ಕೈ ಅದು. ಮಗಳು ಆ ಕೈಯ ಮಣಿಕಟ್ಟು ಹಿಡಿದುಕೊಂಡಳು. ಕ್ಯಾಸೆಟ್ ಅಕ್ಕ ಇಬ್ಬರನ್ನೂ ಮುಟ್ಟಲಿಲ್ಲ, ಡಿಸ್ಕನ್ನೂ ಹೊರಗೆ ತೆಗೆಯಲಿಲ್ಲ. ಇಂಥದ್ದರ ನಡುವೆ ಬಾಯಿ ಹಾಕಬಾರದೆಂದು ಅವಳಿಗೆ ಗೊತ್ತಿತ್ತು.

"ಕೈ ತೆಗೀರಿ ಅಪ್ಪ," ಎಂದಳು ನಿಧಾನಕ್ಕ. "ನನ್ನ ಹತ್ರ ಇದ್ದ ಅಮ್ಮ ಈಗ ತಾನೇ ಹೋದ್ಲು. ಇರೋಳನ್ನಾದ್ರೂ ಪೂರ್ತಿ ಕೊಡಿ."

ಕೈ ಸರಿಯಿತು.

ಗುಂಯ್ ಎಂಬ ಸದ್ದು ಮತ್ತೆ ಶುರುವಾಯಿತು. ಈಗ ಟಿಕ್ ಸದ್ದು ಒಂದರ ಹಿಂದೊಂದು ಬರುತ್ತಿತ್ತು. ಹಸಿರು ಪಟ್ಟಿ ನಿಂತಿತು, ಹೊರಟಿತು, ಮತ್ತೆ ನಿಂತಿತು. "ಬಾ ತಾಯಿ, ಬಾ," ಎಂದು ಕ್ಯಾಸೆಟ್ ಅಕ್ಕ ಗೊಣಗಿದಳು. ಇನ್ನೊಂದು ಬೆರಳಗಲ ಉಳಿದಿತ್ತು. ಅಷ್ಟರಲ್ಲಿ ಡ್ರೈವಿನೊಳಗೆ ಕಲ್ಲು ಬಿದ್ದ ಗಾಜಿನಂಥ ಸದ್ದು, ಅದರ ಹಿಂದೆಯೇ ಕರಕರ. ಅವಳು ವೈರು ಕಿತ್ತಳು. ತೆರೆದಾಗ ಒಳಗಿದ್ದದ್ದು ಬೆಳ್ಳಿ ಬಣ್ಣದ ಚೂರುಗಳು.

ಒಡೆಯುವ ಮುಂಚೆ ಬಂದಷ್ಟನ್ನು ಕ್ಯಾಸೆಟ್ ಅಕ್ಕ ಹಾಕಿದಳು.

ಚಿತ್ರ ಚೌಕ ಚೌಕವಾಗಿ ಒಡೆದಿತ್ತು; ಧ್ವನಿ ಮಾತ್ರ ಸ್ವಚ್ಛ. ಅಮ್ಮ ಒಂದು ಪೆಟ್ಟಿಗೆಯ ಮೇಲೆ ಕುಕ್ಕರಿಸಿದ್ದಳು. ಕ್ಯಾಮೆರಾ ಚಾಲೂ ಇದ್ದದ್ದು ಅವಳಿಗೆ ತಿಳಿದಂತಿರಲಿಲ್ಲ. "ಸಾಕಾಯ್ತು ಕಣ್ರೀ ನಂಗೆ. ಮಾತಾಡೋಕೆ ಒಂದು ಜೀವ ಇಲ್ಲ ಈ ದೇಶದಲ್ಲಿ. ಈ ಹುಡುಗಿ ಒಬ್ಳು ಇಲ್ಲದಿದ್ರೆ ನಾನ್ಯಾವತ್ತೋ ಎದ್ದು ಹೋಗಿರ್ತಿದ್ದೆ. ಕಾಲಿಗೆ ಗುಂಡುಕಲ್ಲು ಕಟ್ಟಿದ ಹಾಗಾಗಿದೆ ಇವಳಿಂದ..."

ಅಲ್ಲಿಗೆ ನಿಂತಿತು. ಅಮ್ಮನ ಮುಖ ಅರ್ಧ ಚೌಕಗಳಾಗಿ, ಬಾಯಿ ತೆರೆದ ಹಾಗೇ ಉಳಿಯಿತು.

ನಿಧಾನಕ್ಕ "ಆಮೇಲೆ?" ಎಂದಳು.

ಅಪ್ಪ ಪರದೆಯತ್ತಲೇ ನೋಡುತ್ತಾ ಹೇಳಿದರು.

"ಆಮೇಲೆ ನೀನು ಬಂದೆ. ದಪ್ಪ ಪೆನ್ನು ಸಿಕ್ಕಿತ್ತು ನಿಂಗೆ, ಪೆಟ್ಟಿಗೆ ಮೇಲೆ ಬರೆಯೋದು. ಮುಖ ಮೂತಿ ಹೊಟ್ಟೆ ಎಲ್ಲಾ ಗೀಚಿಕೊಂಡು ನಿಂತಿದ್ದೆ. ಅವಳು ನೋಡಿದ್ಲು. ನೋಡಿ..." ಅಪ್ಪ ಉಸಿರೆಳೆದುಕೊಂಡರು. ಬಾಯಿಂದ ಹೊರಬಂದದ್ದು ಅವರ ಧ್ವನಿಯಾಗಿರಲಿಲ್ಲ: "ಅಯ್ಯೋ ಅಯ್ಯೋ ರೀ ನೋಡ್ರೀ ಇಲ್ಲಿ ಇನ್ನೊಂದು ಪೆಟ್ಟಿಗೆ ಬಂತು ಇದನ್ನ ಯಾವ ಕೋಣೇಲಿಡೋದು ಹೇಳ್ರೀ ಒಡೆಯೋ ಸಾಮಾನು ಅಂತ ಬೇರೆ ಬರ್ಕೊಂಡಿದೆ ಹುಷಾರಾಗಿ ಎತ್ಕೋಬೇಕು!"

ಒಂದೇ ಉಸಿರಿಗೆ ಆಡಿ ಮುಗಿಸಿದರು. ಸ್ಪೀಕರಿನಿಂದ ಈಗಷ್ಟೇ ಕೇಳಿದ ಅದೇ ಗಡಿಬಿಡಿ, ಅದೇ ಏರಿಳಿತ. ಕ್ಯಾಸೆಟ್ ಅಕ್ಕ ಬೆರಗಾಗಿ ನೋಡಿದಳು.

"ಎತ್ಕೊಂಡ್ಲು. ಅವಳ ಸೀರೆಗೆಲ್ಲ ಮಸಿ ಆಯ್ತು. ನಕ್ಕಿದ್ದೇ ನಕ್ಕಿದ್ದು."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ," ಎಂದಳು ಮಗಳು. "ಚೂರಾಗಿ ಬಿದ್ದಿದೆ, ಏನು ಬೇಕಾದ್ರೂ ಹೇಳಬಹುದು."

"ಸಮಾಧಾನಕ್ಕೆ ಆಗಿದ್ರೆ ಇಲ್ಲಿಗೇ ನಿಲ್ಲಿಸ್ತಿದ್ದೆ." ಅಪ್ಪ ಅವಳ ಎದುರು ಕೂತರು. "ರಾತ್ರಿ ನಿನ್ನ ಮಲಗಿಸಿ ಬಚ್ಚಲಿಗೆ ಹೋಗಿ ಅತ್ತಳು. ನಲ್ಲಿ ಬಿಟ್ಕೊಂಡು. ಗುಂಡುಕಲ್ಲು ಅಂದಿದ್ದು ಸುಳ್ಳಲ್ಲ ಪುಟ್ಟಿ, ಆವತ್ತು ಅವಳಿಗೆ ಹಾಗೇ ಅನ್ಸಿತ್ತು. ನಕ್ಕಿದ್ದೂ ಸುಳ್ಳಲ್ಲ. ನಕಲಲ್ಲಿ ಕೊನೆ ಭಾಗ ಹಿಡಿಸಲಿಲ್ಲ ಅಂತ ಚಿಕ್ಕಪ್ಪ ಆಗಲೇ ಹೇಳಿದ್ದ, ಒಳ್ಳೇದೇ ಆಯ್ತು ಅನ್ಕೊಂಡೆ; ಮೊದಲನೇದು ಮಾತ್ರ ನಿನ್ನ ಕಿವಿಗೆ ಬೀಳುತ್ತೆ ಅಂತ ನಂಗೆ ಭಯ. ಅದೇ ಆಯ್ತು ನೋಡು."

ನಿಧಾನಕ್ಕ ಅಳಲು ಶುರುಮಾಡಿದಳು; ಶಬ್ದ ಮಾಡಿ, ಮೂಗು ಸುರಿಸಿಕೊಂಡು. ಅಪ್ಪ ಜೇಬಿನಲ್ಲಿ ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ಕ್ಯಾಸೆಟ್ ಅಕ್ಕ ಡಿಸ್ಕು ಒರೆಸುವ ಮೆತ್ತನೆಯ ಬಟ್ಟೆಯನ್ನೇ ಕೊಟ್ಟುಬಿಟ್ಟಳು.

ಸಂಜೆಗೆ ಹೊಸ ಡಿಸ್ಕು ತಯಾರಾಯಿತು, ಇಲ್ಲಿಯ ಟಿವಿಗೆ ಹೊಂದುವಂಥದ್ದು, ವೇಗ ತಪ್ಪದಂತೆ. ಮನೆಗೆ ಬಂದು ಹಾಕಿದರು. ಅಪ್ಪ ಬಾಗಿಲ ತನಕ ಹೋಗಿ, ಹೊಸ್ತಿಲಲ್ಲಿ ನಿಂತು, ವಾಪಸು ಬಂದು ಮಗಳ ಪಕ್ಕ ಕೂತರು. ಅಮ್ಮ ಪರದೆಯ ತುಂಬ ಓಡಾಡಿದಳು. ಅವಳ ಮಾತು ಮಗಳಿಗೆ ಅರ್ಧಕ್ಕರ್ಧ ಅರ್ಥವೇ ಆಗಲಿಲ್ಲ, ಅಷ್ಟು ಬೇಗ.

"ಈಗೇನಂದ್ಲು?" ಎಂದು ಕೇಳಿದಳು.

ಅಪ್ಪ ಹೇಳಿದರು.