ಸಟ್ಟುಗವೀರನ ಕಾರ್ಡು

"ಹ್ವಾಯ್ ಅಮ್ಮ, ನಮ್ ಸಟ್ಟುಗವೀರ ಹೊಗೆಯಸುರನ ಬಾಯೊಳ್ಗೇ ಹೊಕ್ಕ ಕಾಣಿ!"

ಅಂಗಳ ದಾಟುವ ಮೊದಲೇ ಟಪಾಲಿನ ಚೆನ್ನಯ್ಯ ಕೂಗಿದ. ಅವನ ಬೆನ್ನಿಗೆ ನೆರೆಮನೆಯ ಗಿರಿಜಾ, ಅವಳ ಹಿಂದೆ ಮಕ್ಕಳ ಹಿಂಡು. ಅಂದರೆ ಕಾರ್ಡು ಮೂಕಾಂಬಿಕೆಯ ಕೈ ಸೇರುವ ಮೊದಲೇ ನಾವುಂದದ ಅರ್ಧ ಊರೇ ಅದನ್ನು ನೋಡಿ ನಕ್ಕಾಗಿತ್ತು.

ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಗಂಡ ಕಮಲಾಕ್ಷ ಬೊಂಬಾಯಿಯ ಹೋಟೆಲಿನಲ್ಲಿ ದೋಸೆ ಹುಯ್ಯುವವ. ಹೆಂಡತಿಗೆ ಅಕ್ಷರ ಬಾರದು. ತನ್ನ ಮಾತನ್ನು ಇನ್ನೊಬ್ಬರು ಅವಳಿಗೆ ಓದಿ ಹೇಳುವುದು ಅವನಿಗೆ ಆಗದು. ಅದಕ್ಕೇ ತಿಂಗಳಿಗೊಂದು ಕಾರ್ಡಿನಲ್ಲಿ ನಾಲ್ಕು ಚೌಕ ಎಳೆದು ಚಿತ್ರಕಥೆ ಕಳಿಸುತ್ತಿದ್ದ. ಡೊಳ್ಳುಹೊಟ್ಟೆಯ ವೀರ, ಕೈಯಲ್ಲಿ ಕತ್ತಿಯ ಬದಲು ದೋಸೆ ಸಟ್ಟುಗ, ಜುಟ್ಟಿನ ಮೇಲೆ ಕೂತು ಬುದ್ಧಿ ಹೇಳುವ ಒಂದು ಏಡಿ. ದೋಸೆ ಕಾವಲಿಯ ಮೇಲೆ ಕೂತು ಹಾರುವುದು, ರಕ್ಕಸರ ಮೂಗು ಸುಡುವುದು. ಯುದ್ಧದ ಕಾಲ, ಅಕ್ಕಿಗೂ ಸೀಮೆಣ್ಣೆಗೂ ಸಾಲು ನಿಲ್ಲುವ ಜನ ಮನಸಾರೆ ನಗುತ್ತಿದ್ದುದು ಇದೊಂದಕ್ಕೆ. ಎಂಥ ದಿನಗಳಪ್ಪಾ ಅವು! ಒಂದೇ ಕಾರ್ಡಿನ ಬಗ್ಗೆ ಹದಿನೈದು ದಿನ ಮಾತಾಡಿಕೊಂಡಿರುತ್ತಿದ್ದರು.

ಈ ಸಲ ಹೊಗೆಯಸುರನ ಬಾಯಿ ಹೊಕ್ಕ ವೀರ ಕೆಮ್ಮುತ್ತಿದ್ದ. ಕೆಮ್ಮಿಗೊಂದರಂತೆ ಬಾಯಿಂದ ಹೊಗೆಯ ಬಳೆ. ಏಡಿ ಅವನ್ನು ಹಿಡಿಹಿಡಿದು ಇಕ್ಕಳದಂಥ ಕೊಂಬಿಗೆ ತೊಟ್ಟುಕೊಂಡಿತ್ತು. ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೂಕಾಂಬಿಕೆಯೂ ನಕ್ಕಳು, ಕೊನೆಯ ಚೌಕದವರೆಗೆ. ಅಲ್ಲಿ ವೀರ ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ, ಕೂತೇ ನಿದ್ದೆ ಹೋಗಿದ್ದ.

ಅವಳ ಅಪ್ಪ ಕಡೆಯ ಆರು ತಿಂಗಳು ನಿದ್ದೆ ಮಾಡಿದ್ದು ಹಾಗೆಯೇ. ಎದೆಯ ಕಾಯಿಲೆ; ಮಲಗಿದರೆ ಉಸಿರು ಕಟ್ಟುತ್ತಿತ್ತು.

ಎಲ್ಲರೂ ಹೋದ ಮೇಲೆ ಹಳೆಯ ಕಾರ್ಡುಗಳನ್ನು ತೆಗೆದು ಹರವಿದಳು. ನಾಲ್ಕು ತಿಂಗಳಿಂದ ವೀರನ ಹೊಟ್ಟೆ ಕರಗುತ್ತ ಬಂದಿತ್ತು. ಅದಕ್ಕೂ ಊರು ನಕ್ಕಿತ್ತು, ತಾನೂ ನಕ್ಕಿದ್ದಳು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಸ್ವಂತ ಹೋಟೆಲು ಹಾಕದೆ ಊರಿಗೆ ಕಾಲಿಡುವುದಿಲ್ಲ ಎಂದು ಹೋದ ಮನುಷ್ಯ. ಕಾಯಿಲೆ ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ. ಬಾ ಎಂದು ಯಾರಿಂದಲಾದರೂ ಬರೆಸಿದರೆ ಹಟ ಇನ್ನೂ ಹೆಚ್ಚೀತು.

ಮರುದಿನ ಚೆನ್ನಯ್ಯನಿಂದ ಖಾಲಿ ಕಾರ್ಡು, ಪೆನ್ಸಿಲು ಇಸಿದುಕೊಂಡು ಜೀವನದಲ್ಲೇ ಮೊದಲ ಸಲ ಗೆರೆ ಎಳೆದಳು. ಬೆವರು ಇಳಿಯಿತು. ಹೊಗೆಯಸುರ ಬಾಯಿ ತೆರೆದು ನಿಂತೇ ಇದ್ದಾನೆ; ವೀರ ಅವನನ್ನು ಬಿಟ್ಟು ಕಾವಲಿ ಹತ್ತಿ ಹಾರಿ, ತೆಂಗಿನ ಮರದ ಮನೆಗೆ ಇಳಿದಿದ್ದಾನೆ. ಒಳಗೆ ಗಂಜಿ ಬಡಿಸಿಟ್ಟಿದೆ.

ವಿಳಾಸ ಬರೆಯಲು ಕಾರ್ಡು ತೆಗೆದುಕೊಂಡ ಚೆನ್ನಯ್ಯ ಹುಬ್ಬು ಗಂಟಿಕ್ಕಿದ. "ಅಸುರ ಸಾಯ್ಲೇ ಇಲ್ಲೆ ಅಲ್ದಾ? ವೀರ ಸೋತದ್ದಾ ಅಮ್ಮ?"

"ಸೋತ್ರೆ ಸೋಲ್ಲಿ. ಬದ್ಕಿ ಬಂದ್ರ್ ಸಾಕ್."

ಅವನು ಅವಳ ಮುಖ ನೋಡಿದ. ವಿಳಾಸ ಬರೆದು ಕಾರ್ಡನ್ನು ಅಂಗಿಯ ಒಳಜೇಬಿಗೆ ಸೇರಿಸಿದ. ಆ ಕಾರ್ಡನ್ನು ದಾರಿಯಲ್ಲಿ ಯಾರಿಗೂ ತೋರಿಸಲಿಲ್ಲ.

ಮುಂದಿನ ತಿಂಗಳು ಕಾರ್ಡೇ ಬರಲಿಲ್ಲ. ಅದರಾಚೆಯ ತಿಂಗಳು ಒಂದು ಮಧ್ಯಾಹ್ನ, ಚೆನ್ನಯ್ಯನ ಹೆಗಲ ಮೇಲೆ ಕೈ ಊರಿಕೊಂಡು ಕಮಲಾಕ್ಷ ಅಂಗಳಕ್ಕೆ ಬಂದ. ಅಂಗಿಯೊಳಗೆ ಮೈಯೇ ಇಲ್ಲ. ಕಥೆ ಕೇಳಲು ಓಡಿ ಬಂದ ಮಕ್ಕಳು ಬೇಲಿಯ ಹತ್ತಿರವೇ ನಿಂತುಬಿಟ್ಟವು.

ಮೂಕಾಂಬಿಕೆ ಕಾಲಿಗೆ ನೀರು ಹುಯ್ಯಲು ಬಗ್ಗಿದಳು.

"ನೀ ಬರ್ದ ಕಾವ್ಲಿ ಸೊಟ್ಟ ಆಯ್ತ್ ಮಾರಾಯ್ತಿ," ಎಂದ ಅವನು, ಕೆಮ್ಮಿನ ನಡುವೆ ನಗಲು ನೋಡುತ್ತ.

ಅವಳು ತಲೆಯೆತ್ತಲಿಲ್ಲ. ಚೊಂಬಿನ ನೀರು ಮುಗಿದಿತ್ತು; ಅವಳು ಅದನ್ನು ಅವನ ಪಾದದ ಮೇಲೆ ಬಗ್ಗಿಸಿಯೇ ಹಿಡಿದಿದ್ದಳು.