ಹನ್ನೆರಡು ಮನೆಗಳ ಗೇಟು

ಗೇಟಿಗೆ ಮನೆಯೊಂದಕ್ಕೆ ನಾಲ್ಕು ಸಾವಿರದ ಇನ್ನೂರು ಪೆಸೊ ಬಿತ್ತು. ಮನೆಯೊಳಗೆ ಕೂತೇ ಗೇಟಿನ ಬಳಿ ಬಂದವರ ಹತ್ತಿರ ಮಾತಾಡುವ ಕರೆಗಂಟೆಯ ಪೆಟ್ಟಿಗೆಗೆ ಬೇರೆ ಒಂಬೈನೂರು. ಕೇಕ್ ಮಾಡಿ ಮಾರುವ ಎಲ್ವಿರಾಳ ಲೆಕ್ಕದಲ್ಲಿ ಇದು ಹದಿನೈದು ಹುಟ್ಟುಹಬ್ಬಗಳ ದುಡ್ಡು, ಅದೂ ಮೊಟ್ಟೆ, ಹಾಲು, ಸಕ್ಕರೆಯ ಖರ್ಚು ಕಳೆಯದೆ. ಬೀದಿಯಲ್ಲಿ ಕಳುವಾದದ್ದು ಮಾತ್ರ ಒಂದೇ ಒಂದು ಗ್ಯಾಸ್ ಸಿಲಿಂಡರು.

ಆದರೆ ಆ ಸಿಲಿಂಡರು ಎಲ್ವಿರಾಳದು. ಬಟ್ಟೆ ಹರವಲು ತಾರಸಿ ಹತ್ತಿದಾಗ ಅಲ್ಲಿಡುತ್ತಿದ್ದ ಸಿಲಿಂಡರಿನ ಜಾಗ ಖಾಲಿ ಇತ್ತು. ಕಬ್ಬು ಅರೆಯುವ ತಿಂಗಳುಗಳಲ್ಲಿ ತೆಪಿಕ್ ಊರಿನ ಮೇಲೆಲ್ಲ ಸಕ್ಕರೆ ಕಾರ್ಖಾನೆಯ ಕರಿ ಬೂದಿ ಉದುರುತ್ತದೆ. ಆ ಬೂದಿಯ ಮೇಲೆ ಯಾರದೋ ಬರಿಗಾಲಿನ ಗುರುತು ಸಾಲಾಗಿ ಮೂಡಿತ್ತು. ಗುರುತು ಅವಳ ಅಡುಗೆಮನೆಯ ಬೆಳಕಿಂಡಿಯ ತನಕ ಬಂದು, ಅಲ್ಲಿ ನಿಂತು, ಆಮೇಲೆ ತಿರುಗಿತ್ತು. ಸಿಲಿಂಡರು ಹೋದದ್ದಕ್ಕಿಂತ, ಯಾರೋ ಮೇಲಿನಿಂದ ತನ್ನನ್ನು ನೋಡುತ್ತ ನಿಂತಿದ್ದ ಎಂಬುದು ಅವಳ ನಿದ್ದೆಯನ್ನು ತಿಂದುಹಾಕಿತು. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ ಬದುಕುತ್ತಿದ್ದ ಹೆಂಗಸು. ಗೇಟು ಬೇಕೆಂದು ಎಲ್ಲರಿಗಿಂತ ಮೊದಲು ಬಾಯಿಬಿಟ್ಟವಳೂ ಅವಳೇ.

ಹನ್ನೆರಡು ಮನೆಗಳ ಆ ಬೀದಿಯ ಒಂದು ತುದಿಗೆ ಗೋಡೆ; ಇನ್ನೊಂದು ತುದಿಗೆ ಗೇಟು ಹಾಕಿದರೆ ಮುಗಿಯಿತು. ಭಾನುವಾರ ಔಷಧಿ ಅಂಗಡಿಯ ಅಬೆಲಾರ್ದೊನ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರೂ ಸೇರಿದರು.

"ಇದೇನು ಗ್ವಾದಲಹಾರದಂಥ ದೊಡ್ಡ ಪಟ್ಟಣಾನಾ, ನಮ್ದು ಚಿಕ್ಕ ಊರು ಅಂತ ಸುಮ್ನೆ ಕೂತ್ರೆ ನಾಳೆ ಇಲ್ಲೂ ಅದೇ ಆಗುತ್ತೆ. ಊರು ಸೂರೆ ಹೋದ್ಮೇಲೆ ಕೋಟೆ ಕಟ್ಟಿ ಏನು ಬಂತು?" ಎಂದ ಅಬೆಲಾರ್ದೊ. ಹೋದ ವರ್ಷ ಇಬ್ಬರು ಹುಡುಗರು ಅಂಗಡಿಗೆ ನುಗ್ಗಿ ಅವನ ತಲೆಗೆ ಪಿಸ್ತೂಲು ಹಿಡಿದಿದ್ದರು. ಅವನ ಮಾತಿಗೆ ತೂಕವಿತ್ತು.

ಬ್ಯಾಂಕಿನಲ್ಲಿ ಕೆಲಸ ಮಾಡುವ ಮರಿತ್ಸಾ ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. "ನಾನು ಗ್ವಾದಲಹಾರದಿಂದ್ಲೇ ಬಂದೋಳು. ಅಲ್ಲಿ ಆಫೀಸಿಗೆ ಹೋಗಿ ಬರೋದ್ರಲ್ಲೇ ಆಯಸ್ಸು ಸವೀತಿತ್ತು. ಇಲ್ಲಿ ಮಧ್ಯಾಹ್ನ ಮನೆಗೆ ಬಂದು ಮಗೂಗೆ ಉಣ್ಸಿ ಹೋಗ್ತೀನಿ. ಸಂಬಳ ಕಮ್ಮಿ, ನಿಜ. ದೊಡ್ಡ ಡಾಕ್ಟ್ರು ಬೇಕಂದ್ರೆ ಬಸ್ ಹತ್ಬೇಕು, ಅದೂ ನಿಜ. ಆದ್ರೆ ಈ ನೆಮ್ಮದಿ ಉಳಿಯೋಕೆ ಗೇಟು ಬೇಕು ಅಂದ್ರೆ ಇರ್ಲಿ ಬಿಡಿ."

"ಇಲ್ಲಿ ನೆಮ್ಮದಿನಾ? ಸಾಲ ಕೊಟ್ಟೋನು ಸಂತೆಗೆ ಹೋದ್ರೆ ಒಂದ್ಸಲ, ಚರ್ಚಿಗೆ ಹೋದ್ರೆ ಒಂದ್ಸಲ ಎದುರಾಗ್ತಾನೆ. ಮುಖ ತಪ್ಪಿಸ್ಕೊಳ್ಳೋಕೆ ಈ ಊರಲ್ಲಿ ಜಾಗಾನೇ ಇಲ್ಲ" ಎಂದು ನಗಿಸಿದವನು ತೊರಿಬಿಯೊ, ಬಸ್ಸು ಓಡಿಸಿ ನಿವೃತ್ತನಾದವನು. "ಗೇಟಿನ ವಿಷ್ಯ ಹೇಳ್ಲಾ? ನನ್ ಅನುಭವ್ದಲ್ಲಿ ಬಾಗ್ಲು ಭದ್ರವಾಗಿ ಹಾಕಿದ ಬಸ್ಸಲ್ಲೇ ಜೇಬು ಜಾಸ್ತಿ ಕತ್ತರಿಸ್ತಾರೆ. ಆದ್ರೂ ಎಲ್ರೂ ಹೂಂ ಅಂದ್ರೆ ನಂದೂ ಹೂಂ."

ಊಹೂಂ ಎಂದವಳು ರೆಮೆಡಿಯೋಸ್ ಒಬ್ಬಳೇ. ಎಲ್ವಿರಾಳ ಪಕ್ಕದ ಮನೆಯ ದರ್ಜಿ. ಈಗ ಬೇರೆ ಊರಲ್ಲಿರುವ ಎಲ್ವಿರಾಳ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಮಗುವನ್ನು ಎತ್ತಿಕೊಂಡು ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದೇ ಕರೆಯುತ್ತಿದ್ದರು. ಒಡಹುಟ್ಟಿದವರಿಗೂ ಇಲ್ಲದ ಸಲಿಗೆ. ಒಬ್ಬರ ಮನೆಯ ಬೀಗದ ಕೈ ಇನ್ನೊಬ್ಬರ ಮೊಳೆಯಲ್ಲಿ ನೇತಾಡುತ್ತಿತ್ತು.

"ನಾನು ಹುಟ್ಟಿದ ಹಳ್ಳೀಲಿ ಯಾರೂ ಬಾಗ್ಲು ತಟ್ಟಲ್ಲ, ಸೀದಾ ಒಳಗೇ ಬರ್ತಾರೆ. ಅದೊಂದು ಹಿಂಸೆ. ದೊಡ್ಡೂರಲ್ಲಿ ತಟ್ಟಿದ್ರೂ ತೆಗೆಯಲ್ಲ. ಅದಿನ್ನೊಂದು ಹಿಂಸೆ. ಇಲ್ಲಿ ತಟ್ತಾರೆ, ನಾವು ತೆಗೀತೀವಿ. ಈ ಊರಲ್ಲಿ ಇರೋ ಸುಖಾನೇ ಅಷ್ಟು. ಅದನ್ನೂ ಯಾಕೆ ಕಳ್ಕೊಳ್ತೀರಿ? ದುಡ್ಡು ಕೊಡ್ತೀನಿ, ಜಗಳ ಬೇಡ. ಕೈ ಮಾತ್ರ ಎತ್ತಲ್ಲ."

"ಕೊಮಾದ್ರೆ, ನನ್ನ ತಲೆ ಮೇಲೆ ಕಳ್ಳ ನಿಂತಿದ್ದ ಕಣೇ!" ಎಂದಳು ಎಲ್ವಿರಾ.

"ನಿಂತಿದ್ದ, ಹೋದ. ಈಗ ಬುಟ್ಟಿ ಹೊತ್ತು ಬರೋರೆಲ್ಲ ನಿನ್ನ ಕಣ್ಣಿಗೆ ಅವನ ಹಾಗೇ ಕಾಣ್ತಿದ್ದಾರೆ. ನಿನಗೆ ಭಯ ಆಗಿರೋದು ಕಳ್ಳನ್ನ ಕಂಡಲ್ಲ ಎಲ್ವಿರಾ, ಬಡವರನ್ನ ಕಂಡು."

ಎಲ್ಲರೆದುರು ಬಿದ್ದ ಮಾತು. ಎಲ್ವಿರಾ ತಿರುಗಿಬಿದ್ದಳು. "ನಿಂಗೇನಮ್ಮ ಚಿಂತೆ? ಗಂಡ ಇಲ್ಲ, ಮಕ್ಕಳಿಲ್ಲ. ನಿನ್ನ ಮನೇಲಿ ಕದಿಯೋಕಾದ್ರೂ ಏನಿದೆ?"

ರೆಮೆಡಿಯೋಸ್ ಕುರ್ಚಿ ಮಡಚಿಕೊಂಡು ಎದ್ದು ಹೋದಳು.

ಗೇಟು ಬಂತು. ಹಸಿರು ಬಣ್ಣ, ಮೇಲೆ ಮೊನೆಗಳ ಸಾಲು. ಅಬೆಲಾರ್ದೊ ಅದನ್ನು ಮೊದಲ ದಿನ ಮೂರ್ನಾಲ್ಕು ಸಲ ತೆಗೆದು ಹಾಕಿ ನೋಡಿದ. ಎಲ್ವಿರಾ ಆ ವಾರ ಗಾಢವಾಗಿ ನಿದ್ದೆ ಮಾಡಿದಳು. ಅದು ಸುಳ್ಳಲ್ಲ; ಗೇಟಿನಿಂದ ಅವಳಿಗೆ ನಿಜವಾಗಿಯೂ ನೆಮ್ಮದಿ ಬಂದಿತ್ತು.

ಹೊರಗೆ ಉಳಿದವರಲ್ಲಿ ಚೆಂಚಾ ಒಬ್ಬಳು. ಬೆಟ್ಟದ ಆಚೆ ಬದಿಯಿಂದ ಬುಟ್ಟಿಯಲ್ಲಿ ಅಡುಗೆಗೆಂದು ಮುಳ್ಳು ಹೆರೆದ ಪಾಪಾಸುಕಳ್ಳಿ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಒಂದಿಷ್ಟು ಹಸಿ ಚೀಸ್ ತಂದು ಮನೆಮನೆಯ ಬಾಗಿಲು ತಟ್ಟಿ ಮಾರುತ್ತಿದ್ದಳು. ಕೊಳ್ಳದಿದ್ದರೂ ಸರಿ, ಒಂದು ಮಾತಾಡಿಯೇ ಮುಂದೆ ಹೋಗುವವಳು. ಈಗ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂರತೊಡಗಿದಳು. ಬೀದಿಯವರು ನಿಧಾನವಾಗಿ ದೊಡ್ಡ ಅಂಗಡಿಯಿಂದಲೇ ಎಲ್ಲ ತರುವುದನ್ನು ರೂಢಿಮಾಡಿಕೊಂಡರು. ರೆಮೆಡಿಯೋಸ್ ಮಾತ್ರ ದಿನಾ ಬೆಳಿಗ್ಗೆ ಚೀಲ ಹಿಡಿದು ಗೇಟಿನ ತನಕ ನಡೆದು ಬರುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಪಾಪಾಸುಕಳ್ಳಿ ಒಳ್ಳೆಯದೆಂದು ನಂಬಿದ್ದಳು. ಸರಳುಗಳ ನಡುವೆ ಕೈ ತೂರಿಸಿ ಇಬ್ಬರೂ ವ್ಯಾಪಾರ ಮಾಡುವುದು ಎಲ್ವಿರಾಳ ಕಿಟಕಿಗೆ ಕಾಣಿಸುತ್ತಿತ್ತು. ನೋಡಿ, ಪರದೆ ಎಳೆಯುತ್ತಿದ್ದಳು.

ಕೊಮಾದ್ರೆಯರ ಮಾತು ನಿಂತೇ ಹೋಗಿತ್ತು. ಮೊದಲು ಅವಳೇ ಬರಲಿ ಎಂದು ಇವಳು, ಇವಳೇ ಬರಲಿ ಎಂದು ಅವಳು. ಗೋಡೆಯಾಚೆ ಹೊಲಿಗೆ ಯಂತ್ರ ಸದ್ದು ಮಾಡುತ್ತಿತ್ತು. ಅದು ಕೇಳುವ ತನಕ ಎಲ್ಲ ಸರಿಯಾಗಿದೆ, ನಾಳೆ ಮಾತಾಡಿಸಿದರಾಯಿತು ಎಂದುಕೊಳ್ಳುತ್ತಿದ್ದಳು ಎಲ್ವಿರಾ.

ಒಂದು ಶುಕ್ರವಾರ ಬೆಳಿಗ್ಗೆ ಅವಳ ಕೈತುಂಬ ಕೆಲಸ. ಮದುವೆಯ ಕೇಕು. ಮೊಟ್ಟೆಯ ಬಿಳಿಯನ್ನು ಯಂತ್ರದಲ್ಲಿ ಕಡೆಯುತ್ತಿದ್ದಳು. ನಡುವೆ ನಿಲ್ಲಿಸಿದರೆ ನೊರೆ ಕುಸಿಯುತ್ತದೆ. ಆಗ ಗೇಟಿನ ಕರೆಗಂಟೆ ಬಾರಿಸಿತು. ಮೊಣಕೈಯಿಂದ ಗುಂಡಿ ಒತ್ತಿದಳು.

"ಯಾರು?"

"ನಾನಮ್ಮಾ, ಚೆಂಚಾ."

"ಇವತ್ತು ಏನೂ ಬೇಡಮ್ಮ."

"ಮಾರೋಕಲ್ಲ ಅಮ್ಮಾ, ರೆಮೆ…"

"ಬೇಡ ಅಂದ್ನಲ್ಲ! ಕೈ ಬಿಡುವಿಲ್ಲ ನಂಗೆ." ಗುಂಡಿ ಬಿಟ್ಟಳು. ಪೆಟ್ಟಿಗೆ ಮೌನವಾಯಿತು. ಇನ್ನೊಂದು ಸಲ ಬಾರಿಸಿತು. ಅವಳು ಹತ್ತಿರ ಹೋಗಲಿಲ್ಲ. ನೊರೆ ಚೆನ್ನಾಗಿ ಎದ್ದಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಬಾಗಿಲನ್ನು ಯಾರೋ ಬಡಿದರು. ಗಂಟೆಯಲ್ಲ, ಕೈ. ಗೇಟು ಹಾಕಿದ ಮೇಲೆ ಆ ಸದ್ದು ಕೇಳಿರಲಿಲ್ಲ. ತೆಗೆದರೆ ಚೆಂಚಾ; ಬಿಸಿಲಿಗೆ ಮುಖ ಕಂದಿತ್ತು. ಹಿಂದೆ ತೊರಿಬಿಯೊ.

"ನಾನು ಗೇಟು ತೆಗ್ದಾಗ ಹಿಂದೇನೇ ನುಗ್ಗಿಬಿಟ್ಳು, ಬೈಬೇಡಿ" ಎಂದ ಅವನು.

"ಬೈದ್ರೆ ಬೈಸ್ಕೋತೀನಿ," ಎಂದಳು ಚೆಂಚಾ. "ರೆಮೆಡಿಯೋಸಮ್ಮ ಇವತ್ತು ಗೇಟಿನ ಹತ್ರ ಬರ್ಲಿಲ್ಲ. ಈಗ ಬಾಗ್ಲು ತಟ್ಟಿ ತಟ್ಟಿ ಸಾಕಾಯ್ತು, ತೆಗೀತಿಲ್ಲ. ಚಪ್ಪಲಿ ಹೊಸ್ಲಲ್ಲೇ ಇದೆ."

ಎಲ್ವಿರಾ ಗೋಡೆಗೆ ಕಿವಿಗೊಟ್ಟಳು. ಹೊಲಿಗೆ ಯಂತ್ರದ ಸದ್ದಿಲ್ಲ. ಯಾವಾಗಿನಿಂದ ಇಲ್ಲ? ಅವಳಿಗೆ ಗೊತ್ತಿಲ್ಲ. ಮೊಳೆಯಿಂದ ಬೀಗದ ಕೈ ಎಳೆದುಕೊಂಡು ಓಡಿದಳು.

ರೆಮೆಡಿಯೋಸ್ ಅಡುಗೆಮನೆಯ ನೆಲದ ಮೇಲೆ ಪಕ್ಕಕ್ಕೆ ಬಿದ್ದಿದ್ದಳು. ಇನ್ಸುಲಿನ್ ಚುಚ್ಚಿಕೊಂಡು, ತಿನ್ನುವ ಮೊದಲೇ ತಲೆ ತಿರುಗಿರಬೇಕು. ಒಲೆಯ ಮೇಲೆ ಬೇಯಿಸದ ಮೊಟ್ಟೆ ಹಾಗೇ ಇತ್ತು. ಉಸಿರಾಡುತ್ತಿದ್ದಳು. "ಕೊಮಾದ್ರೆ, ನಾನು ಕಣೇ, ಕಣ್ಣು ಬಿಡು, ಬೈಯೋದಾದ್ರೆ ಬೈ ನನ್ನ" ಎಂದು ಎಲ್ವಿರಾ ಅವಳ ಕೆನ್ನೆ ತಟ್ಟಿದಳು. ಚೆಂಚಾ ಸಕ್ಕರೆ ಕಲಸಿ ತುಟಿಗೆ ಸವರಿದಳು. ತೊರಿಬಿಯೊ ಕಾರು ತಂದ.

ಆಸ್ಪತ್ರೆಯಲ್ಲಿ ಯುವ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವಾಗ ಬಿದ್ರು?"

ಒಂದೇ ಗೋಡೆಯ ಈಚೆ ಬದುಕುವ ಎಲ್ವಿರಾ ಚೆಂಚಾಳ ಕಡೆ ನೋಡಿದಳು. ಉತ್ತರ ಕೊಟ್ಟವಳು ಚೆಂಚಾ: "ನಾನು ಬಂದಾಗ್ಲೇ ಗೇಟಿನ ಹತ್ರ ಇರ್ಲಿಲ್ಲ ಸ್ವಾಮಿ. ಬೆಳಿಗ್ಗೇನೇ ಬಿದ್ದಿರ್ಬೇಕು."

ಮರುದಿನ ಸಂಜೆ ರೆಮೆಡಿಯೋಸ್ ಎಚ್ಚರಾಗದೆಯೇ ಹೋದಳು. ಎಲ್ವಿರಾ ಡಾಕ್ಟರನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದಳು. "ಬೆಳಿಗ್ಗೇನೇ ಕರ್ಕೊಂಡು ಬಂದಿದ್ರೆ?"

ಅವನು ಅವಳ ಮುಖ ನೋಡಿದ. "ಅದನ್ನ ಈಗ ಯಾಕಮ್ಮ ಕೇಳ್ತೀರಿ?" ಎಂದು ಮೆಲ್ಲಗೆ ಹೇಳಿ ಇಳಿದು ಹೋದ.

ಸತ್ತವರ ಮನೆಯಲ್ಲಿ ಒಂಬತ್ತು ಸಂಜೆ ಜಪಮಾಲೆಯ ಪ್ರಾರ್ಥನೆ ನಡೆಯಬೇಕು. ರೆಮೆಡಿಯೋಸಳಿಗೆ ತನ್ನವರು ಯಾರೂ ಇರಲಿಲ್ಲವಾದ್ದರಿಂದ ಎಲ್ವಿರಾ ತಾನೇ ಬಾಗಿಲು ತೆರೆದು, ದಾಲ್ಚಿನ್ನಿ ಹಾಕಿದ ಕಾಫಿ ಕಾಸಿಟ್ಟಳು. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದಳು. ಮೊದಲ ಸಂಜೆಯೇ ಗೇಟಿನ ಕರೆಗಂಟೆ ನಿಲ್ಲದೆ ಬಾರಿಸಿತು. ಎರಡೂ ಕೈಯಲ್ಲಿ ಹೂ ಹಿಡಿದ ಸಂತೆಯ ಹೆಂಗಸರು, ಒಬ್ಬ ಬಸ್ ಕಂಡಕ್ಟರ್, ಒಂದು ಕಾಲದಲ್ಲಿ ರೆಮೆಡಿಯೋಸ್ ಹೊಲಿದ ಬಟ್ಟೆ ತೊಟ್ಟು ಮದುವೆಯಾಗಿದ್ದ ಹುಡುಗಿಯರು, ಅವರ ಮಕ್ಕಳು. ಊರಿನ ಯಾವ ಯಾವ ಮೂಲೆಯಿಂದಲೋ ಬಂದವರು ಸರಳುಗಳ ಹೊರಗೆ ಸಾಲು ನಿಂತಿದ್ದರು. ಪ್ರತಿಯೊಬ್ಬರಿಗೂ ಎಲ್ವಿರಾ ಪ್ರಾರ್ಥನೆ ಬಿಟ್ಟು ಎದ್ದು ಹೋಗಿ ಬೀಗ ತೆಗೆಯಬೇಕಾಯಿತು. ಎರಡನೆಯ ಸಂಜೆ ಗೇಟನ್ನು ಹಾರು ಹೊಡೆದು ಬಿಟ್ಟುಬಿಟ್ಟಳು.

ಕೊನೆಯ ಸಂಜೆ ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಿದ್ದ ಚೆಂಚಾಳ ಪಕ್ಕದಲ್ಲಿ ಎಲ್ವಿರಾ ಬಂದು ನಿಂತಳು.

"ಅವತ್ತು ಬೆಳಿಗ್ಗೆ ಬೆಲ್ ಒತ್ತಿದ್ದು ಇದನ್ನ ಹೇಳೋಕಾ?"

"ಹೂಂನಮ್ಮಾ."

"ಇನ್ನೂ ಜೋರಾಗಿ ಹೇಳೋಕೇನಾಗಿತ್ತು? ಕೂಗಬಾರದಾಗಿತ್ತಾ?"

"ಕೂಗಿದೆ. ಪೆಟ್ಟಿಗೆ ಆರಿಹೋಗಿತ್ತು." ಚೆಂಚಾ ಲೋಟವನ್ನು ಬೋರಲು ಹಾಕಿದಳು. "ಎಲ್ಲ ಮನೆ ಗುಂಡಿನೂ ಒತ್ತಿದೆ ಅಮ್ಮಾ. ನೀವೊಬ್ರೇ ಮಾತಾಡಿದ್ದು."

ಅದರಲ್ಲಿ ಸಮಾಧಾನ ಹೇಳುವ ಉದ್ದೇಶವೇ ಇತ್ತು. ಎಲ್ವಿರಾ ಒದ್ದೆ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ದಿನ ಜನರೆದುರು ಅಳದವಳು ಚೆಂಚಾಳ ಲಂಗದಲ್ಲಿ ಮುಖವಿಟ್ಟು ಅತ್ತಳು.

ಮರುದಿನ ಬೆಳಿಗ್ಗೆ ಅಬೆಲಾರ್ದೊ ಗೇಟು ಎಳೆದು ಬೀಗ ಹಾಕಲು ಹೊರಟಾಗ ಎಲ್ವಿರಾ ಅಡ್ಡ ನಿಂತಿದ್ದಳು.

"ಒಂಬತ್ತು ದಿನ ಆಯ್ತಲ್ಲ ಎಲ್ವಿರಾ. ಇನ್ನು ಹಾಕೋಣ."

"ರಾತ್ರಿ ಹಾಕಿ. ಬೆಳಿಗ್ಗೆ ನಾನು ತೆಗೀತೀನಿ. ಕತ್ತಲಾಗೋ ತನಕ ಹೀಗೇ ಇರ್ಲಿ."

"ನನ್ನ ತಲೆಗೆ ಪಿಸ್ತೂಲಿಟ್ಟಿದ್ರು. ನಿಮಗಿಟ್ಟಿಲ್ಲ. ಆ ಭಯ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಯಾರು ಹೇಳಿದ್ರು? ಗೇಟು ಬೇಕು ಅಂತ ನಾನೇ ತಾನೇ ಕುಣಿದಿದ್ದು. ನಂಗೆ ಈಗ್ಲೂ ಭಯಾನೇ. ಆದ್ರೆ ಅಬೆಲಾರ್ದೊ, ನಾಳೆ ನಾನು ಒಳಗೆ ಬಿದ್ರೆ ನಿಮಗೆ ಗೊತ್ತಾಗುತ್ತಾ?"

ಅವನು ಕೈಯಲ್ಲಿದ್ದ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ. "ಏನಾದ್ರೂ ಕಳುವಾದ್ರೆ ನಿಮ್ಮ ಮೇಲೆ ಹಾಕ್ತೀನಿ" ಎಂದು ಗೊಣಗಿ, ಬೀಗವನ್ನು ಜೇಬಿಗೆ ಸೇರಿಸಿ ಅಂಗಡಿಗೆ ಹೋದ.

ಚೆಂಚಾ ಬುಟ್ಟಿ ಹೊತ್ತು ಬಂದು, ಅಭ್ಯಾಸಬಲದಿಂದ ಹೊರಗಿನ ಕಲ್ಲಿನ ಬಳಿ ನಿಂತಳು. ಎಲ್ವಿರಾ ಹೋಗಿ ಅವಳ ಬುಟ್ಟಿಯ ಒಂದು ಕಡೆ ಹಿಡಿದಳು. "ಬಾ. ಇಬ್ರೂ ಹೋಗೋಣ." ಮರಿತ್ಸಾಳ ಬಾಗಿಲು ತಟ್ಟಿದರು, ಅವಳ ಅತ್ತೆ ಮಗುವನ್ನೆತ್ತಿಕೊಂಡು ಬಂದು ರೊಟ್ಟಿ ಕೊಂಡಳು. ತೊರಿಬಿಯೊ ಏನೂ ಕೊಳ್ಳಲಿಲ್ಲ. "ಇನ್ನೂ ಬದುಕಿದ್ದೀನಿ, ಮುಂದಕ್ಕೆ ಹೋಗಿ" ಎಂದ. ದರ್ಜಿಯ ಮನೆಯ ಮುಂದೆ ಚೆಂಚಾಳ ಕೈ ತಾನಾಗಿಯೇ ಮೇಲೆದ್ದು, ಅರ್ಧಕ್ಕೆ ನಿಂತಿತು. ಇಬ್ಬರೂ ಮುಂದಿನ ಬಾಗಿಲಿಗೆ ನಡೆದರು.

ಗೇಟು ಹಾಕಿದ ಮೇಲೆ ಆ ಬೀದಿಯಲ್ಲಿ ಒಂದು ಕಳ್ಳತನವೂ ಆಗಿಲ್ಲ. ಹಗಲು ತೆರೆದಿಡಲು ಶುರುಮಾಡಿದ ಮೇಲೂ ಆಗಿಲ್ಲ. ಹನ್ನೊಂದು ಮನೆಗಳಲ್ಲಿ ಯಾರು ಹೇಗಿದ್ದಾರೆಂಬುದು ದಿನಾ ಒಬ್ಬರಿಗಾದರೂ ಗೊತ್ತಿರುತ್ತದೆ. ಹನ್ನೆರಡನೆಯದಕ್ಕೆ ಹೊರಗಿನಿಂದ ಬೀಗ ಹಾಕಿದೆ.