ಹೊಳೆದಂಡೆಯ ಮೂರು ಗೋರಿ

ಕಾಡ್ಗಿಚ್ಚಿನಲ್ಲಿ ಸುಟ್ಟ ಊರುಗಳಿಗೆ ಪರಿಹಾರ ನಿಧಿ ಬರುತ್ತದಂತೆ, ಅದರಲ್ಲೊಂದು ಪಾಲು ಮೂಲನಿವಾಸಿಗಳ ಊರುಗಳಿಗೇ ಅಂತೆ ಎಂಬ ಸುದ್ದಿ ಬಂದಾಗ ಹಿಂದೆ ಪಾದ್ರಿಗಳು ಕಟ್ಟಿದ ಬರಿಂಗಾ ಮಿಷನ್ ಊರಿನಲ್ಲಿ ಯಾರೂ ನಂಬಲಿಲ್ಲ. ಸರ್ಕಾರದ ಕಡೆಯಿಂದ ಬರುವುದೆಲ್ಲ ಬರುವ ದಾರಿಯಲ್ಲೇ ಸವೆದುಹೋಗುತ್ತದೆ ಎನ್ನುವುದು ಅಲ್ಲಿನವರ ಅನುಭವ. ಆದರೆ ಈ ಸಲ ಬಂದೇಬಿಟ್ಟಿತು. ಬಂದ ಕೂಡಲೇ ಜಗಳವೂ ಶುರುವಾಯಿತು.

ಸುಟ್ಟ ಮನೆಗಳನ್ನು ಬೇರೆ ಲೆಕ್ಕದಲ್ಲಿ ಕಟ್ಟಿಕೊಡುತ್ತಿದ್ದರು. ಈ ದುಡ್ಡು ಊರಿನದು, ಏನು ಮಾಡಬೇಕೆಂದು ಊರವರೇ ಕೂತು ತೀರ್ಮಾನಿಸಬೇಕು. ಗಂಡಸರಿಗೆ ಮೀನಿನ ದೋಣಿ ಬೇಕು, ಹುಡುಗರಿಗೆ ಫುಟ್‌ಬಾಲ್ ಮೈದಾನಕ್ಕೆ ದೀಪ ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಹಾ ಆರಿತು, ತಟ್ಟೆ ತುಂಬ ಇದ್ದ ಜಾನಿ ಕೇಕ್ ರೊಟ್ಟಿ ಮುಗಿಯಿತು, ಮಾತು ಮಾತ್ರ ಮುಗಿಯಲಿಲ್ಲ. ಕೊನೆಗೆ ಎಪ್ಪತ್ತು ದಾಟಿದ ವರ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಬದುಕಿರೋರ್ದೆಲ್ಲ ಆಯ್ತಾ? ಸತ್ತೋರ ಶಿಲುಬೆಗಳೂ ಸುಟ್ಟೋಗಿವೆ. ಅವರು ಸಭೆಗೆ ಬರಕ್ಕಾಗಲ್ಲ ಅಂತ ನಾನು ಬಂದಿದೀನಿ."

ಇದಕ್ಕೆ ಯಾರು ತಾನೇ ಎದುರಾಡುತ್ತಾರೆ? ಸ್ಮಶಾನದ ಗೋರಿಗಳಿಗೆ ಹೆಸರಿನ ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು.

ವರ್ಲಿಗೆ ಅದರಲ್ಲಿ ಸ್ವಾರ್ಥವೂ ಇತ್ತು, ಅದನ್ನವಳು ಮುಚ್ಚಿಡಲಿಲ್ಲ. ಎಂಟು ವರ್ಷದವಳಿದ್ದಾಗ ಸರ್ಕಾರದ ಕಾರು ಬಂದು ಅವಳನ್ನು ದೂರದ ಹುಡುಗಿಯರ ಹಾಸ್ಟೆಲ್ಲಿಗೆ ಒಯ್ದಿತ್ತು. ಆ ಕಾಲದಲ್ಲಿ ಮೂಲನಿವಾಸಿ ಮಕ್ಕಳನ್ನು ಹಾಗೆ ಹೊತ್ತೊಯ್ಯುವುದಕ್ಕೇ ಕಾನೂನಿತ್ತು, ಅದರ ಮನೆ ಹಾಳಾಗ! ದೊಡ್ಡವಳಾಗಿ ತಿರುಗಿ ಬರುವಷ್ಟರಲ್ಲಿ ಅವಳ ಅಮ್ಮ ಐವಿ ಮಣ್ಣು ಸೇರಿದ್ದಳು. ಐವಿಯ ತಂಗಿಯರಾದ ಮೈರಾ ಮತ್ತು ಡಲ್ಸಿಯೂ ಅದೇ ಚಳಿಗಾಲದ ಜ್ವರದಲ್ಲಿ ಹೋಗಿದ್ದರು. ಮೂವರನ್ನೂ ಹೊಳೆದಂಡೆಯಲ್ಲೆಲ್ಲೋ ಹೂತಿದ್ದಾರೆ ಎಂದರು. ಎಲ್ಲೋ ಎಂದರೆ ಎಲ್ಲಿ? ಆ ಜಾಗವನ್ನೆಲ್ಲ ಎದೆಯುದ್ದದ ಜರಿಗಿಡ ನುಂಗಿ ಕೂತಿತ್ತು.

ಹೋದ ಬೇಸಿಗೆಯ ಬೆಂಕಿ ಜರಿಗಿಡವನ್ನೆಲ್ಲ ಬಳಿದುಹಾಕಿದಾಗ, ಸುತ್ತ ಕಪ್ಪೆಚಿಪ್ಪು ಜೋಡಿಸಿದ ಮೂರು ಗೋರಿಗಳು ಬೂದಿಯ ನಡುವೆ ಒಂದರ ಪಕ್ಕ ಒಂದು ಕಂಡವು. ವರ್ಲಿ ಅಲ್ಲೇ ಕುಸಿದು ಕೂತು ಅತ್ತಿದ್ದಳು. ಹಾಳು ಬೆಂಕಿ, ಎಲ್ಲ ಕಿತ್ತುಕೊಂಡು ಇದೊಂದನ್ನು ಕೊಟ್ಟಿತ್ತು. ಆದರೆ ಮೂರರಲ್ಲಿ ಅಮ್ಮನದು ಯಾವುದು? ಸಾಯುವುದರೊಳಗೆ ಅದೊಂದು ತಿಳಿದುಬಿಟ್ಟರೆ ಸಾಕಿತ್ತು ಅವಳಿಗೆ.

ತನಗೆ ಗೊತ್ತು ಎಂದವಳು ನೊರೀನ್. ಚಿಕ್ಕಮ್ಮ ಮೈರಾಳ ಮಗಳು, ವರ್ಲಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಊರು ಬಿಟ್ಟು ಕದಲದವಳು. ನೊರೀನಳ ಬಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳಿಗೆ ಗೊತ್ತಿಲ್ಲದ ವಿಷಯ ಮಿಷನ್ನಿನಲ್ಲಿರಲಿಲ್ಲ. ಗೊತ್ತಿಲ್ಲದಿದ್ದರೂ ಹೇಳುವುದರಲ್ಲಿ ಅವಳೇನೂ ಕಡಿಮೆ ಮಾಡುತ್ತಿರಲಿಲ್ಲ.

"ಹೊಳೆ ಕಡೆದು ನಿಮ್ಮಮ್ಮಂದು ಕಣಕ್ಕಾ. ಹೂಳುವಾಗ ನಾನಿದ್ನಲ್ಲ," ಎಂದಿದ್ದಳು ಮೊದಲು. ವರ್ಲಿ ಅಲ್ಲಿ ಹೂವಿಟ್ಟು ಬಂದಳು. ಮುಂದಿನ ವಾರ, "ಅಲ್ಲಲ್ಲ, ಮಧ್ಯದ್ದು. ದೊಡ್ಡವಳಲ್ವಾ, ಮಧ್ಯ ಇಟ್ರು," ಎಂದಳು. ವರ್ಲಿ ಹೂವನ್ನೆತ್ತಿ ಮಧ್ಯಕ್ಕಿಟ್ಟಳು.

ಕಲ್ಲಿನ ವಿಷಯ ಮುಗಿಸಲು ನಿಧಿಯ ಕಡೆಯಿಂದ ತಲೀಶಾ ಬಂದಳು. ಅವಳೂ ಮೂಲನಿವಾಸಿಯೇ, ಒಳನಾಡಿನ ವಿರಾಜುರಿ ಕುಲದ ಹುಡುಗಿ. ಹಿರಿಯರೆದುರು ತಗ್ಗಿ ಮಾತಾಡುವುದು ಬಲ್ಲವಳು. ಬೂಟಿಗೆ ಬೂದಿ ಮೆತ್ತಿಕೊಂಡು ಗೋರಿಗಳ ಹತ್ತಿರ ನಿಂತು ಕೇಳಿದಳು.

"ಗೋರಿಗೊಂದು ಹೆಸರು ಅಂತ ನಿಯಮ, ಆಂಟಿ. ಉಳಿದಿದ್ದೆಲ್ಲ ಆಯ್ತು. ಈ ಮೂರು ಯಾರ್ಯಾರ್ದು ಅಂತ ಹೇಳ್ಬಿಟ್ರೆ ನಾಳೆನೇ ಕೆತ್ತಕ್ಕೆ ಕೊಡ್ತೀನಿ."

ನೊರೀನ್ ತಡಮಾಡದೆ ಬೆರಳೆತ್ತಿದಳು. "ಆ ರಸ್ತೆ ಕಡೆದು ಐವಿ ದೊಡ್ಡಮ್ಮಂದು."

ವರ್ಲಿಗೆ ರೇಗಿಹೋಯಿತು. "ಏನೇ ನೊರೀನ್, ನಮ್ಮಮ್ಮ ಏನು ವಾರಕ್ಕೊಂದ್ಸಲ ಮನೆ ಬದಲಾಯಿಸ್ತಾಳಾ? ಬಾಡಿಗೆ ಕಟ್ಟಿಲ್ಲ ಅಂತ ಯಾರಾದ್ರೂ ಓಡಿಸ್ತಿದಾರಾ?"

ತಲೀಶಾ ನಗು ತಡೆಯಲಾರದೆ ಹೊಳೆಯ ಕಡೆ ತಿರುಗಿಕೊಂಡಳು. ನೊರೀನ್ ಮಾತ್ರ ನಗಲಿಲ್ಲ. ಎತ್ತಿದ ಬೆರಳು ತಾನಾಗಿ ಇಳಿಯಿತು.

"ಗೊತ್ತಿಲ್ಲ ಕಣಕ್ಕಾ. ನಮ್ಮಮ್ಮಂದು ಯಾವ್ದು ಅಂತಾನೂ ಗೊತ್ತಿಲ್ಲ. ಹೂತ ದಿನ ಅತ್ತಿದ್ದೊಂದು ನೆನಪಿದೆ ಅಷ್ಟೇ. ನೀನು ಅಷ್ಟು ಆಸೆಯಿಂದ ಕೇಳಿದ್ಯಲ್ಲ, ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

"ಬಾಯಿ ಬರ್ಲಿಲ್ವಂತೆ! ನಿಂಗೆ!" ಎಂದಳು ವರ್ಲಿ. ಆದರೆ ಸಿಟ್ಟು ನಿಲ್ಲಲಿಲ್ಲ. ನೆಲದ ಮೇಲೆ ಕೂತುಬಿಟ್ಟಳು. "ನಾನವಳ ಪಕ್ಕ ಕೂತು ಒಂದು ಮಾತು ಕೇಳ್ಬೇಕಿತ್ತು ಕಣೇ. ಅವತ್ತು ಕಾರು ಬಂದಾಗ ಯಾಕೆ ಸುಮ್ನೆ ಬಿಟ್ಕೊಟ್ಟೆ ಅಂತ."

"ಸುಮ್ನೆನಾ?" ನೊರೀನಳ ದನಿ ಥಟ್ಟನೆ ಏರಿತು. "ಸುಮ್ನೆ ಅಂತ ಯಾರು ಹೇಳಿದ್ದು ನಿಂಗೆ? ನೀನು ಕಾರೊಳಗಿದ್ದೆ, ಸರ್ಕಾರದೋರ ಜೊತೆ ಬಂದಿದ್ದ ಹೆಂಗಸು ನಿನ್ನ ತಲೆ ತೊಡೆಗೆ ಒತ್ತಿ ಹಿಡ್ಕೊಂಡಿದ್ಲು. ನಾನು ಮೆಟ್ಟಿಲ ಮೇಲಿದ್ದೆ. ಅದೊಂದು ಮಾತ್ರ ಸಾಯೋತಂಕ ಮರೆಯಲ್ಲ. ಕಾರಲ್ಲಿ ಬಂದಿದ್ದ ಸಾಹೇಬ 'ಇದರ ತಾಯಿ ಯಾರು?' ಅಂದ. ನಿಮ್ಮಮ್ಮ 'ನಾನು' ಅಂದ್ಲು. ನಮ್ಮಮ್ಮನೂ 'ನಾನು' ಅಂದ್ಲು. ಡಲ್ಸಿ ಚಿಕ್ಕಮ್ಮಂಗೆ ಇನ್ನೂ ಮದುವೆನೇ ಆಗಿರ್ಲಿಲ್ಲ, ಅವಳೂ ಮುಂದೆ ನುಗ್ಗಿ 'ನಾನೇ ತಾಯಿ, ನನ್ನ ಕೇಳ್ದೆ ಹೆಂಗ್ ಕರ್ಕೊಂಡೋಗ್ತೀಯಾ' ಅಂದ್ಲು. ಸುಳ್ಳೇನಲ್ವಲ್ಲ, ಮೂರೂ ಜನನ್ನೂ ಅಮ್ಮ ಅಂತಾನೇ ಕರೀತಿದ್ವಿ ನಾವು. ಅವನಿಗೆ ತಲೆ ಕೆಟ್ಟೋಯ್ತು. ತಾಯಿ ಯಾರು ಅಂತಾನೇ ಗೊತ್ತಿಲ್ಲದ ಜನ ನೀವು ಅಂತ ಬೈದು ಹೊರಟೋದ. ಮೂರೂ ಜನ ಕಾರಿನ ಹಿಂದೆ ಸೇತುವೆವರೆಗೂ ಓಡಿದ್ರು."

ವರ್ಲಿ ತಲೆಯೆತ್ತಿ ಕೇಳಿದಳು. "ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತು ಅನ್ಕೊಂಡಿದ್ದೆ ಕಣಕ್ಕಾ," ಎಂದು ನೊರೀನ್ ಗೊಳೋ ಎಂದು ಅತ್ತಳು.

ಊರಿನ ಎಲ್ಲ ಗುಟ್ಟನ್ನೂ ಊರಿಗೆಲ್ಲ ಹಂಚಿದ ಹೆಂಗಸು, ಹೇಳಲೇಬೇಕಾದ ಒಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಳು! ಬಯ್ಯಬೇಕೆಂದು ವರ್ಲಿ ಬಾಯಿ ತೆರೆದಳು. ಬಂದದ್ದು ಮಾತ್ರ ನಗು. ಅವಳನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡು ಸೆರಗಿಲ್ಲದ್ದಕ್ಕೆ ತನ್ನ ಸ್ವೆಟರಿನ ತೋಳಿನಿಂದಲೇ ಅವಳ ಮೂಗು ಒರೆಸಿದಳು. ಎದೆಯಲ್ಲಿ ಅಷ್ಟು ವರ್ಷ ಕೂತಿದ್ದ ಭಾರ ಇಳಿದು ವರ್ಲಿಗೆ ಹಾಯೆನಿಸಿತ್ತು.

ಕಣ್ಣೊರೆಸಿಕೊಳ್ಳುತ್ತಿದ್ದ ತಲೀಶಾಳ ಕಡೆ ತಿರುಗಿ ವರ್ಲಿ ಹೇಳಿದಳು. "ಮೂರಕ್ಕೂ ಸೇರಿಸಿ ಉದ್ದಕ್ಕೊಂದೇ ಕಲ್ಲು ಹಾಕಮ್ಮ. ಮೂರೂ ಹೆಸರು ಕೆತ್ಸು. ಕೆಳಗೆ ವರ್ಲಿ, ನೊರೀನ್ ಇವರ ಅಮ್ಮಂದಿರು ಅಂತ ಹಾಕ್ಸು. ನಿಮ್ಮ ಸಾಹೇಬ್ರು ಒಪ್ತಾರಾ?"

"ಮೂರು ಗೋರಿ, ಮೂರು ಹೆಸರು. ಲೆಕ್ಕ ಸರಿಯಾಗೇ ಇದ್ಯಲ್ಲ ಆಂಟಿ," ಎಂದಳು ತಲೀಶಾ. "ಒಪ್ಪದೆ ಇದ್ರೆ ನಿಮ್ಮಿಬ್ರನ್ನ ಕರ್ಕೊಂಡೋಗಿ ಅವರ ಮುಂದೆ ಕೂರಿಸ್ತೀನಿ."

ಹಾಗೇನೂ ಮಾಡಬೇಕಾಗಲಿಲ್ಲ. ಚಳಿ ಕಳೆಯುವ ಮೊದಲೇ ಕಲ್ಲು ಬಂದು ನಿಂತಿತು. ಊರವರೆಲ್ಲ ಅಡುಗೆ ಹೊತ್ತು ಬಂದು ಉಂಡು ಹಾಡಿ ಹೋದ ಮೇಲೆ, ವರ್ಲಿ ಮಂಡಿಯೂರಿ ಕೂತು ಮೆಲ್ಲಗೆ ಕರೆದಳು. "ಅಮ್ಮಾ, ನಾನು ವರ್ಲಿ. ಮನೆಗೆ ಬಂದಿದೀನಿ."

ಹಿಂದಿನಿಂದ ನೊರೀನ್ ಅವಳ ಬೆನ್ನಿಗೆ ತಿವಿದಳು. "ಜೋರಾಗಿ ಹೇಳಕ್ಕಾ. ಆ ಕೊನೇಲಿರೋಳಿಗೆ ಕೇಳ್ಸಿರಲ್ಲ."

ವರ್ಲಿ ಎದ್ದು ನಿಂತು, ಹೊಳೆಯಾಚೆಗೂ ಕೇಳುವಂತೆ ಮತ್ತೊಮ್ಮೆ ಕರೆದಳು.